ಹತ್ತು ಬಿಟ್‌ನ ಮದುವೆ ವಿಡಿಯೊ

ದಾವಣಗೆರೆಯ ವಿದ್ಯಾನಗರದ ನಿವೃತ್ತ ಶಿಕ್ಷಕರೊಬ್ಬರು ಕಳೆದ ಬೇಸಿಗೆಯಲ್ಲಿ ಕರೆ ಮಾಡಿ, ಮಗಳ ಮದುವೆಯ ವಿಡಿಯೊ ಟಿವಿಯಲ್ಲಿ ನಿಂತು ನಿಂತು ಬರುತ್ತಿದೆ, ಮುಹೂರ್ತ ಮುಗಿಯುವಷ್ಟರಲ್ಲಿ ಹತ್ತು ಸಲ ಚಕ್ರ ಸುತ್ತುತ್ತದೆ ಎಂದರು. "ನೆಟ್ ಪ್ಲಾನ್ ಬದಲಾಯಿಸಬೇಕೇನ್ರಿ?" ಎಂಬುದು ಅವರ ಪ್ರಶ್ನೆ. ಮನೆಯ ಕಂಪ್ಯೂಟರಿನಿಂದ ಅದೇ ಮನೆಯ ಟಿವಿಗೆ ಹೋಗುವ ವಿಡಿಯೊ ರೂಟರನ್ನು ದಾಟಿ ಹೊರಗೆ ಹೋಗುವುದೇ ಇಲ್ಲ. ಆದರೂ ಇಂಥ ದೂರುಗಳಲ್ಲಿ ಬೈಗುಳ ತಿನ್ನುವುದು ಮಾತ್ರ ನೆಟ್.

ನಾನು ಮೊದಲು ನೋಡುವುದು, ಅಡಕಗೊಳಿಸಿದ ವಿಡಿಯೊವನ್ನು ಬಿಡಿಸುತ್ತಿರುವುದು ಅದಕ್ಕೆಂದೇ ಚಿಪ್‌ನಲ್ಲಿರುವ ಡಿಕೋಡರೋ ಅಥವಾ ಎಲ್ಲ ಕೆಲಸಕ್ಕೂ ಹೆಗಲು ಕೊಡುವ ಪ್ರೊಸೆಸರೋ ಎಂಬುದನ್ನು. ಅವರ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಸರ್ವರ್ ಇತ್ತು, ಅಂದರೆ ಅಲ್ಲಿನ ವಿಡಿಯೊಗಳನ್ನು ಮನೆಯ ಟಿವಿಗೆ ಕಳಿಸುವ ತಂತ್ರಾಂಶ. ಯಾವ ಭಾಗದ ಮೇಲೆ ಎಷ್ಟು ಹೊರೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು, ಅಂದರೆ ಪ್ರೊಸೆಸರ್, ಶೇ 100ರ ಹತ್ತಿರ ಏದುಸಿರು ಬಿಡುತ್ತಿತ್ತು, ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದ 'ವಿಡಿಯೊ ಡಿಕೋಡ್' ಗೆರೆ ನೆಲಕ್ಕಂಟಿಕೊಂಡಿತ್ತು. ಮದುವೆಯ ವಿಡಿಯೊ ಎಚ್‌ಇವಿಸಿ ಎಂಬ ವಿಧಾನದಲ್ಲಿ ಅಡಕವಾಗಿತ್ತು. ಹಳೆಯ ಟಿವಿಗೆ ಅದು ಅರ್ಥವಾಗದ ಕಾರಣ ಸರ್ವರ್ ಅದನ್ನು ಬಿಡಿಸಿ, ಅದಕ್ಕಿಂತ ಹಳೆಯ ವಿಧಾನವಾದ ಎಚ್.264ಕ್ಕೆ ಪರಿವರ್ತಿಸುತ್ತಿತ್ತು.

ಪ್ರೊಸೆಸರ್ ಇಂಟೆಲ್‌ನ 6ನೇ ತಲೆಮಾರಿನದು, ಅದರ ಡಿಕೋಡರ್ ಎಚ್‌ಇವಿಸಿಯನ್ನು ಬಿಡಿಸಬಲ್ಲದು, ಹಾಗಾದರೆ ತೊಡಕೇನು? ಹೆಸರು ಒಂದೇ ಆದರೂ ಒಳಗಿನ ಬಗೆ ಬೇರೆ. 8 ಬಿಟ್ ವಿಡಿಯೊದಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಿದ್ದರೆ 10 ಬಿಟ್‌ನಲ್ಲಿ 1024. ಆ ಡಿಕೋಡರ್ ಪೂರ್ಣವಾಗಿ ನಿಭಾಯಿಸುವುದು ಮೊದಲನೆಯದನ್ನು, ಎರಡನೆಯದಕ್ಕೆ 7ನೇ ತಲೆಮಾರೇ ಬೇಕು. ಮದುವೆಯ ಕಡತ 10 ಬಿಟ್‌ನದು. ವಿಚಿತ್ರವೆಂದರೆ, 10 ಬಿಟ್‌ನ ಎಚ್‌ಇವಿಸಿಯನ್ನು ಸಲೀಸಾಗಿ ಬಿಡಿಸುವ ಎಷ್ಟೋ ಚಿಪ್‌ಗಳು, ಅದಕ್ಕಿಂತ ಹತ್ತು ವರ್ಷ ಹಳೆಯದಾದ ಎಚ್.264ನ 10 ಬಿಟ್ ಕಡತ ಸಿಕ್ಕರೆ ಕೈಚೆಲ್ಲಿ ಕೆಲಸವನ್ನು ಪ್ರೊಸೆಸರಿಗೇ ಒಪ್ಪಿಸುತ್ತವೆ. ಆದ್ದರಿಂದ 'ನನ್ನ ಯಂತ್ರ ಫೋರ್‌ಕೆ ಓಡಿಸುತ್ತದೆ' ಎಂಬ ಪೆಟ್ಟಿಗೆಯ ಮೇಲಿನ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಖರ್ಚಿಲ್ಲದ ಪರೀಕ್ಷೆ ಇನ್ನೊಂದಿದೆ: ಸಬ್‌ಟೈಟಲ್ ಆಫ್ ಮಾಡಿ ನೋಡಿ. ಬ್ಲೂ-ರೇ ಡಿಸ್ಕಿನ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಟಿವಿಯ ಆ್ಯಪ್‌ಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅದನ್ನು ಅಚ್ಚೊತ್ತಿ, ಇಡೀ ವಿಡಿಯೊವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಪಠ್ಯರೂಪದ ಎಸ್‌ಆರ್‌ಟಿ ಕಡತವಾದರೆ ಈ ಹೊರೆ ಸಾಮಾನ್ಯವಾಗಿ ಬೀಳದು. ಲಿನಕ್ಸ್ ಸರ್ವರ್ ಇಟ್ಟುಕೊಂಡವರು ಜೆಲ್ಲಿಫಿನ್ ಓಡುವ ಬಳಕೆದಾರ ಖಾತೆ, ಗ್ರಾಫಿಕ್ಸ್ ಚಿಪ್ ಬಳಸಲು ಅನುಮತಿಯಿರುವ 'ರೆಂಡರ್' ಗುಂಪಿನಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ಅನುಮತಿಯಿಲ್ಲದಿದ್ದರೆ ಡಿಕೋಡರ್ ಇದ್ದೂ ಇಲ್ಲದಂತೆ.

ಒಂದು ಮದುವೆಯ ಕಡತಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಿರಿ ಎನ್ನಲು ನನಗೆ ಮನಸ್ಸಾಗಲಿಲ್ಲ. ರಾತ್ರಿಯಿಡೀ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶ ಓಡಿಸಿ ಟಿವಿ ನೇರವಾಗಿ ಬಿಡಿಸಬಲ್ಲ ಎಚ್.264ನ 8 ಬಿಟ್ ಪ್ರತಿಯೊಂದನ್ನು ಮಾಡಿಕೊಟ್ಟೆ. ಬೆಳಿಗ್ಗೆ ಮುಹೂರ್ತ ಎಲ್ಲೂ ನಿಲ್ಲದೆ ಸಾಗಿತು. ಜಾಗ ಉಳಿಯುತ್ತದೆಂದು ಮೇಷ್ಟ್ರು ಮೂಲ ಕಡತವನ್ನು ಅಳಿಸಲು ಹೊರಟಿದ್ದರು, ತಡೆದೆ. 8 ಬಿಟ್‌ಗೆ ಇಳಿಸುವಾಗ ಬಿಟ್ಟುಹೋದ ಬಣ್ಣದ ಮಟ್ಟಗಳನ್ನು ಆ ಪ್ರತಿಯಿಂದ ಮತ್ತೆ ಪಡೆಯಲಾಗುವುದಿಲ್ಲ.