ರನ್ನನ ಕಾವ್ಯಕ್ಕೆ ದೆವ್ವ ತಂದರೆ ತಪ್ಪಾ?

ಪ್ರಶ್ನೆ: ಭೀಮ-ದುರ್ಯೋಧನರ ಕಾಳಗ ಹೇಳೋ ರನ್ನನ ಗದಾಯುದ್ಧವನ್ನು ದೆವ್ವದ ಕತೆಯಾಗಿ ಬರೆಯೋ ಆಸೆ ನನಗೆ. ನಮ್ಮ ಮುಧೋಳದ ಕವಿಗೆ ಅವಮಾನ ಮಾಡಬ್ಯಾಡ ಅಂತಾರೆ ಮನೆಯಲ್ಲಿ. ಬರೆಯಬಹುದಾ?

ಧಾರಾಳವಾಗಿ ಬರೆಯಿರಿ. ದೆವ್ವವನ್ನು ನೀವು ಹೊಸದಾಗಿ ತರುತ್ತಿಲ್ಲ. ಸಾವಿರ ವರ್ಷದ ಹಿಂದೆ ರನ್ನನೇ ತಂದಿದ್ದಾನೆ.

ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವ ಭಾಗ ನೆನಪಿದೆಯಲ್ವಾ? ಅಲ್ಲಿ ಮರುಳುಗಳು ಅವನನ್ನು ಮೂದಲಿಸುತ್ತವೆ. ಮರುಳು ಅಂದರೆ ದೆವ್ವವೂ ಹೌದು, ಹುಚ್ಚೂ ಹೌದು. 'ಜನ ಮರುಳೋ ಜಾತ್ರೆ ಮರುಳೋ' ಅಂತ ನಾವು ಈಗಲೂ ಅನ್ನುತ್ತೇವೆ. ಹಾಗಾದರೆ ಇಲ್ಲಿ ಮರುಳು ಯಾರು, ಹೆಣ ತಿನ್ನುವವರೋ, ಸಂಧಿ ಬೇಡ ಅಂದ ರಾಜನೋ? ಬದುಕಿದವರು ಬಾಯಿಬಿಟ್ಟು ಹೇಳಲಾಗದ ಮಾತನ್ನು ರನ್ನ ದೆವ್ವದ ಬಾಯಲ್ಲಿ ಇಟ್ಟ. ನಿಮ್ಮ ದೆವ್ವಕ್ಕೂ ಇಂಥ ಒಂದು ಮಾತು ಬೇಕು. ಸುಮ್ನೆ ಕಿರುಚುವುದಾದರೆ ಅದನ್ನು ಕತೆಯಿಂದ ತೆಗೆದುಬಿಡಿ.

ಅನುಮತಿಯ ಚಿಂತೆ ಬೇಡ. ನಮ್ಮಲ್ಲಿ ಲೇಖಕ ತೀರಿಹೋಗಿ 60 ವರ್ಷ ಕಳೆದರೆ ಕೃತಿ ಎಲ್ಲರದು. ರನ್ನ ಹುಟ್ಟಿದ್ದೇ 949ರಲ್ಲಿ.

ಎಲ್ಲಿಂದ ಶುರು ಮಾಡಬೇಕು? ನಾನಾದರೆ ವೈಶಂಪಾಯನ ಸರೋವರಕ್ಕೆ ಹೋಗುತ್ತೇನೆ. ಭೀಷ್ಮ ಕೊಟ್ಟ ಜಲಮಂತ್ರದ ಬಲದಿಂದ ದುರ್ಯೋಧನ ನೀರೊಳಗೆ ಅಡಗಿದ್ದಾನೆ. ದಂಡೆಯಲ್ಲಿ ಭೀಮ ಗರ್ಜಿಸುತ್ತಾನೆ. ಆಗ ಬರುತ್ತದೆ ಆ ಸಾಲು: 'ನೀರೊಳಗಿರ್ದುಂ ಬೆಮರ್ತನುರಗಪತಾಕಂ'. ಹಾವಿನ ಬಾವುಟದ ದುರ್ಯೋಧನ ನೀರಿನಲ್ಲಿದ್ದೂ ಬೆವರಿದ! ಇದಕ್ಕಿಂತ ಭಯದ ಚಿತ್ರ ನಾನಂತೂ ಓದಿಲ್ಲ.

ಆ ಸಾಲನ್ನು ಮುಟ್ಟಬೇಡಿ. ಭೀಮ ಬರಲಿ, ಗರ್ಜಿಸಲಿ, ಇವನು ಬೆವರಲಿ. ಗರ್ಜನೆಗೆ ಮುಂಚಿನ ಹೊತ್ತು ಮಾತ್ರ ನಿಮ್ಮದು. ತಳ ಮುಟ್ಟಿದಾಗ ಅವನಿಗೆ ಏನು ಕಂಡಿತು? ಸತ್ತ ತಮ್ಮಂದಿರು ಅಲ್ಲಿ ಸಾಲಾಗಿ ಕೂತಿದ್ದರೆ? ಯಾರೂ ಬೈಯುವುದಿಲ್ಲ, ಅಳುವುದಿಲ್ಲ. ಎದೆ ಸೀಳಿದ ದುಶ್ಶಾಸನ ಸ್ವಲ್ಪ ಸರಿದು ಜಾಗ ಬಿಡುತ್ತಾನೆ, ಅಷ್ಟೇ.

ಭಾಷೆಯ ಬಗ್ಗೆ ಒಂದು ಮಾತು. ಹಳಗನ್ನಡವನ್ನು ಅನುಕರಿಸಲು ಹೋಗಬೇಡಿ, ನಾಟಕದ ಮಾತಾಗುತ್ತದೆ. ನೀವು ಘಟಪ್ರಭೆಯ ದಂಡೆಯವರು. ನೀರಿನ ತಳದ ಕೆಸರು, ಕತ್ತಲು, ಕಾಲಿಗೆ ಸುತ್ತುವ ಜೊಂಡು ನಿಮಗೆ ಗೊತ್ತು. ಅದನ್ನೇ ಬರೆಯಿರಿ. ದುಶ್ಶಾಸನನೂ ನಿಮ್ಮ ಮನೆಯ ಮಾತನ್ನೇ ಆಡಲಿ, ಮೆಲ್ಲಗೆ: "ಬಾ ಅಣ್ಣಾ, ಕುಂದ್ರು."