ಈದ ಆಕಳಿಗೆ ಎಣ್ಣೆ ಕುಡಿಸಬಹುದೇ?

ಕರು ಹಾಕಿ ಮೂರು ವಾರವಾದ ಮಿಶ್ರತಳಿ ಆಕಳು ದಿನಕ್ಕೆ 12 ಲೀಟರ್ ಹಾಲು ಕೊಡುತ್ತದೆ ಅನ್ನಿ. ಹಾಲಿನಲ್ಲಿ ಶೇ 4ರಷ್ಟು ಕೊಬ್ಬಿದ್ದರೆ, ದಿನಾ ಸುಮಾರು ಅರ್ಧ ಕಿಲೋ ಕೊಬ್ಬು ಕ್ಯಾನಿಗೆ ಹೋಗುತ್ತದೆ. ಮೇವು ಮಾತ್ರ ಅಷ್ಟು ಸೇರುವುದಿಲ್ಲ. ಹಾಲು ಒಂದೂವರೆ ತಿಂಗಳ ಹೊತ್ತಿಗೇ ಜಾಸ್ತಿಯಾಗಿಬಿಡುತ್ತದೆ, ಹಸಿವು ಪೂರ್ತಿ ಕೆರಳಲು ಎರಡೂವರೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ಆಕಳು ತನ್ನ ಮೈ ಕರಗಿಸಿಯೇ ಹಾಲು ಕೊಡುತ್ತದೆ. ಪಕ್ಕೆಲುಬು ಕಾಣುವುದು ಅದಕ್ಕೇ. ಕರಗುವುದು ಅತಿಯಾದರೆ ಕೀಟೋಸಿಸ್ ಎಂಬ ಕಾಯಿಲೆ ಬರುತ್ತದೆ, ಬೆದೆಗೆ ಬರುವುದೂ ತಡವಾಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಈದರಂತೂ ಪಾಪ, ಮೇವು ಮೂಸಿ ಬಿಡುತ್ತದೆ.

ಕಾಳಿಗಿಂತ ಕೊಬ್ಬಿನಲ್ಲಿ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಇದೆ. ಹಾಗಂತ ಸುಮ್ನೆ ಎಣ್ಣೆ ಕುಡಿಸಿದರೆ ಕೆಲಸ ಕೆಡುತ್ತದೆ. ಆಕಳ ಮೊದಲ ಹೊಟ್ಟೆಯಲ್ಲಿ ಜೋಳದ ಸೊಪ್ಪೆಯ ನಾರನ್ನು ಕರಗಿಸುವುದು ಸೂಕ್ಷ್ಮಜೀವಿಗಳು. ಎಣ್ಣೆ ನಾರಿಗೆ ಮೆತ್ತಿಕೊಳ್ಳುತ್ತದೆ, ಆ ಜೀವಿಗಳಿಗೂ ವಿಷವಾಗುತ್ತದೆ. ಸೊಪ್ಪೆ ಜೀರ್ಣವಾಗುವುದಿಲ್ಲ, ಹಾಲಿನ ಫ್ಯಾಟ್ ಇಳಿಯುತ್ತದೆ.

ಇದಕ್ಕೆ ಸಿಕ್ಕ ಉಪಾಯ ನನಗೆ ಬಹಳ ಇಷ್ಟ. ನಮ್ಮ ಬೋರ್‌ವೆಲ್‌ನ ಗಡಸು ನೀರಿಗೆ ಸಾಬೂನು ಹಾಕಿದರೆ ನೊರೆ ಬರುವುದಿಲ್ಲ, ಬಿಳಿ ಕೆನೆಯಂಥದ್ದು ಬಕೆಟ್‌ಗೆ ಅಂಟುತ್ತದೆ ಅಲ್ವಾ? ಸಾಬೂನಿನ ಕೊಬ್ಬು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾದದ್ದು ಅದು. ಆಕಳಿಗೆ ತಿನ್ನಿಸುವ ಬೈಪಾಸ್ ಫ್ಯಾಟ್, ಅಂದರೆ ಮೊದಲ ಹೊಟ್ಟೆ ದಾಟಿ ಹೋಗುವ ಕೊಬ್ಬಿನ ಪುಡಿಯೂ ಹೆಚ್ಚಾಗಿ ಇದೇ ಜಾತಿಯದು. ಮೊದಲ ಹೊಟ್ಟೆಯಲ್ಲಿ ಹುಳಿ ಕಡಿಮೆ, ಪುಡಿ ಅಷ್ಟಾಗಿ ಕರಗುವುದಿಲ್ಲ, ಸೂಕ್ಷ್ಮಜೀವಿಗಳ ತಂಟೆಗೂ ಹೋಗುವುದಿಲ್ಲ. ನಾಲ್ಕನೇ ಹೊಟ್ಟೆಯ ಕಟುವಾದ ಹುಳಿ ತಗುಲಿದಾಗ ಕ್ಯಾಲ್ಸಿಯಂ ಕಳಚಿಕೊಳ್ಳುತ್ತದೆ. ಕೊಬ್ಬು ಮುಂದೆ ಕರುಳಿನಲ್ಲಿ ಮೈಗೆ ಹತ್ತುತ್ತದೆ. ಇಂಥ ಆಕಳಿಗೆ ದಿನಕ್ಕೆ 150ರಿಂದ 200 ಗ್ರಾಂ ಸಾಕು. ಸ್ವಲ್ಪದಿಂದ ಶುರುಮಾಡಿ ಹಿಂಡಿಯಲ್ಲಿ ಕಲಸಿ ಕೊಡಿ. ಒಮ್ಮೆಲೇ ಸುರಿದರೆ ಇದ್ದ ಹಸಿವೂ ಹೋಗುತ್ತದೆ.

ನಮ್ಮ ಕಡೆಯ ಹತ್ತಿಕಾಳೂ ಇದೇ ಕೆಲಸವನ್ನು ತಕ್ಕಮಟ್ಟಿಗೆ ಮಾಡುತ್ತದೆ. ಅದರಲ್ಲಿ ಸುಮಾರು ಶೇ 20 ಎಣ್ಣೆ ಇದೆ. ಇಡೀ ಕಾಳು ಹಾಕಿದರೆ ಮೆಲುಕು ಹಾಕುತ್ತಾ ಎಣ್ಣೆ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಒಂದೆರಡು ಕಿಲೋ ಮೀರಬೇಡಿ. ಸಣ್ಣ ಕರುವಿಗಂತೂ ಹಾಕಲೇಬೇಡಿ. ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷವನ್ನು ಅದರ ಹೊಟ್ಟೆ ಇನ್ನೂ ತಡೆಯಲಾರದು.