ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾರದು? ಕಿಡ್ಸ್ ಕಂಪನಿ ಪ್ರಕರಣದ ಅಧ್ಯಯನ ಟಿಪ್ಪಣಿ

ಸ್ವಯಂಸೇವಾ ಸಂಸ್ಥೆಗಳ ಆಡಳಿತದ ಪತ್ರಿಕೆಗೆ ಓದುವಾಗ ಬರೆದುಕೊಂಡ ಟಿಪ್ಪಣಿ ಇದು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡುತ್ತಿರುವವರಿಗೆ ನೇರ ಉಪಯೋಗ. ಬಿಕಾಂನವರೂ ಮೀಸಲು ನಿಧಿಯ ಭಾಗವನ್ನು ಓದಿಕೊಳ್ಳಬಹುದು. ಉದಾಹರಣೆ ಪೂರ್ತಿ ಬ್ರಿಟನ್ನಿನದು: ಕಷ್ಟದಲ್ಲಿರುವ ಮಕ್ಕಳಿಗೆ ನೆರವಾಗುತ್ತಿದ್ದ, 2015ರಲ್ಲಿ ಮುಚ್ಚಿಹೋದ ಕಿಡ್ಸ್ ಕಂಪನಿ ಎಂಬ ಸಂಸ್ಥೆ. ಅಲ್ಲಿ ಸಂಸ್ಥೆಯೊಂದು ಬಿದ್ದರೆ ಸಂಸತ್ ಸಮಿತಿ, ಲೆಕ್ಕಪರಿಶೋಧನಾ ಕಚೇರಿ, ನ್ಯಾಯಾಲಯ, ನಿಯಂತ್ರಕರು ಎಲ್ಲರೂ ಪುಟಗಟ್ಟಲೆ ಬರೆದಿಡುತ್ತಾರೆ, ನಮ್ಮಂಥ ವಿದ್ಯಾರ್ಥಿಗಳಿಗೆ ಹಬ್ಬ.

ಮೊದಲು ಒಂದು ಪದ. ಟ್ರಸ್ಟಿಗೆ ಕನ್ನಡದಲ್ಲಿ ಧರ್ಮದರ್ಶಿ ಎನ್ನುತ್ತೇವೆ. ಧರ್ಮವನ್ನು ಕಾಣುವವನು, ಕಾಣಿಸುವವನು. ದೇವಸ್ಥಾನದ ಫಲಕಗಳಲ್ಲಿ ಈ ಪದ ನೋಡಿ ನೋಡಿ, ಅದೊಂದು ಗೌರವದ ಹುದ್ದೆ, ಉತ್ಸವದ ದಿನ ಮುಂದಿನ ಸಾಲಲ್ಲಿ ಕೂರುವವರು ಎಂದು ನಮಗೆ ಅಭ್ಯಾಸವಾಗಿದೆ. ಬ್ರಿಟನ್ನಿನ ಕಾನೂನಿನಲ್ಲಿ ಟ್ರಸ್ಟಿಯ ಸ್ಥಾನ ಬೇರೆ. ಸಂಸ್ಥೆಯ ಕೊನೆಯ ಹೊಣೆ ಆತನದು. ಸಿಇಒ ಸಂಬಳದ ನೌಕರ, ಟ್ರಸ್ಟಿ ಸಂಬಳವಿಲ್ಲದ ಯಜಮಾನ. ಪ್ರಯಾಣದ ಖರ್ಚು ಪಡೆಯಬಹುದು. ಅದರಾಚೆ ಟ್ರಸ್ಟಿಗೆ ಹಣ ಕೊಡಬೇಕಾದರೆ ಸಂಸ್ಥೆಯ ನಿಯಮಾವಳಿ, ಕಾನೂನು, ಚಾರಿಟಿ ಕಮಿಷನ್ (ಅಲ್ಲಿನ ದಾನಸಂಸ್ಥೆಗಳ ನಿಯಂತ್ರಕ) ಅಥವಾ ನ್ಯಾಯಾಲಯ ಇವುಗಳಲ್ಲಿ ಒಂದರ ಒಪ್ಪಿಗೆ ಬೇಕು. ಹೊಣೆ ಎಲ್ಲ ಟ್ರಸ್ಟಿಗಳ ಮೇಲೂ ಸಮವಾಗಿ. 'ಲೆಕ್ಕ ನನ್ನ ವಿಷಯವಲ್ಲ, ಖಜಾಂಚಿ ನೋಡ್ತಾರೆ' ಎಂದು ಕೈತೊಳೆದುಕೊಳ್ಳುವಂತಿಲ್ಲ.

ಅಂದರೆ ವರ್ಷಕ್ಕೆ ಕೆಲವು ಸಲ ಬಂದು ಸಭೆ ಮಾಡುವ, ಪುಕ್ಕಟೆ ದುಡಿಯುವ ಹತ್ತು ಜನ, ದಿನವಿಡೀ ಅದೇ ಕೆಲಸದಲ್ಲಿ ಮುಳುಗಿರುವ, ಎಲ್ಲವನ್ನೂ ಬಲ್ಲ, ಸಂಬಳ ಪಡೆಯುವ ಒಬ್ಬರಿಗೆ 'ಬೇಡ' ಎನ್ನಬೇಕು. ಮುಂದಿನ ಟಿಪ್ಪಣಿಯೆಲ್ಲ ಈ ಒಂದು ಮಾತಿನ ಸುತ್ತ.

ಮೊದಲು ಸಂಬಳದ ಗಲಾಟೆ

ನಮ್ಮ ತರಗತಿಯ ಚರ್ಚೆಯಲ್ಲಿ ಎಲ್ಲರೂ ನುಗ್ಗಿದ್ದು ಇಲ್ಲಿಗೇ, ನಾನೂ ಸೇರಿ. ಸೇವೆ ಮಾಡುವವರಿಗೆ ಅಷ್ಟು ಸಂಬಳ ಯಾಕೆ? 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಯೂ ಒಮ್ಮೆ ತೇಲಿಬಂತು.

2013ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಇದೇ ಪ್ರಶ್ನೆ ಸ್ಫೋಟಗೊಂಡಿತು. ವಿಪತ್ತು ಪರಿಹಾರಕ್ಕೆ ಒಟ್ಟಾಗಿ ಹಣ ಎತ್ತುವ 14 ದೊಡ್ಡ ಸಂಸ್ಥೆಗಳಲ್ಲಿ 30 ಅಧಿಕಾರಿಗಳು ವರ್ಷಕ್ಕೆ ಒಂದು ಲಕ್ಷ ಪೌಂಡ್‌ಗಿಂತ ಹೆಚ್ಚು ಪಡೆಯುತ್ತಾರೆ ಎಂದು ವರದಿಯಾಯಿತು. ಅವುಗಳಲ್ಲೊಂದು, ಮಕ್ಕಳಿಗಾಗಿ ದುಡಿಯುವ ಸೇವ್ ದ ಚಿಲ್ಡ್ರನ್; ಅದರ ಬ್ರಿಟನ್ ಶಾಖೆಯ ಸಿಇಒ ಸಂಬಳ ಸುಮಾರು 1,63,000 ಪೌಂಡ್. ಆಗ ಅಲ್ಲಿನ ಪ್ರಧಾನಿಯ ಸಂಬಳವೇ 1,42,500 ಪೌಂಡ್. ಚಾರಿಟಿ ಕಮಿಷನ್ನಿನ ಅಂದಿನ ಅಧ್ಯಕ್ಷ ವಿಲಿಯಂ ಶಾಕ್ರಾಸ್ ಕೂಡ, ಅಳತೆ ಮೀರಿದ ಸಂಬಳದಿಂದ ಇಡೀ ದಾನಲೋಕಕ್ಕೆ ಕೆಟ್ಟ ಹೆಸರು ಬರಬಹುದು ಎಂದು ಎಚ್ಚರಿಸಿದರು.

ಈಗ ಪಕ್ಕದಲ್ಲಿ ಒಂದು ಲೆಕ್ಕ ಹಾಕಿ. ಆ ಸಂಸ್ಥೆಯ ವಾರ್ಷಿಕ ಆದಾಯ ಆಗ 25 ಕೋಟಿ ಪೌಂಡ್ ದಾಟಿತ್ತು. ಅಂದರೆ ನೀವು ನೂರು ರೂಪಾಯಿ ಕೊಟ್ಟಿರಿ ಎನ್ನಿ, ಸಿಇಒ ಸಂಬಳಕ್ಕೆ ಹೋಗುವುದು ಏಳು ಪೈಸೆಯೂ ಅಲ್ಲ. ಹತ್ತಾರು ದೇಶಗಳಲ್ಲಿ, ಯುದ್ಧದ ನೆಲದಲ್ಲಿ ಕೆಲಸ ಮಾಡಿಸುವ ಸಂಸ್ಥೆಗೆ ಅನುಭವಿ ಬೇಕು, ಅನುಭವಿಗೆ ಬೆಲೆಯಿದೆ. ಇದು ಸಂಬಳದ ಪರ ವಾದ. ಎದುರು ವಾದವೂ ಹಗುರವಲ್ಲ: ಅದೇ ಸಂಸ್ಥೆಯ ಹಳೆಬಟ್ಟೆ ಅಂಗಡಿಯಲ್ಲಿ ನಿವೃತ್ತರು ಪುಕ್ಕಟೆ ನಿಂತು ದುಡಿಯುತ್ತಾರೆ, ಪಿಂಚಣಿಯಲ್ಲಿ ಉಳಿಸಿ ಐದು ಪೌಂಡ್ ಹಾಕುತ್ತಾರೆ. ಅವರಿಗೆ ಶೇಕಡಾವಾರು ಲೆಕ್ಕ ಹೇಳಿ ಸಮಾಧಾನ ಮಾಡಲಾಗದು.

ಪರೀಕ್ಷೆಗೆ ನೆನಪಿಡಬೇಕಾದ ನಿಯಮ: ಲೆಕ್ಕ ಒಪ್ಪಿಸುವ ದೊಡ್ಡ ಸಂಸ್ಥೆಗಳು 60,000 ಪೌಂಡ್ ಮೀರಿ ಪಡೆಯುವ ನೌಕರರು ಎಷ್ಟು ಮಂದಿ ಎಂಬುದನ್ನು 10,000ದ ಹಂತಗಳಲ್ಲಿ ತೋರಿಸಬೇಕು. ಹೆಸರು ಹಾಕಬೇಕೆಂದಿಲ್ಲ. ಸ್ವಯಂಸೇವಾ ಸಂಸ್ಥೆಗಳ ರಾಷ್ಟ್ರೀಯ ಒಕ್ಕೂಟದ ವಿಚಾರಣೆ 2014ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಉನ್ನತ ಅಧಿಕಾರಿಗಳ ಸಂಬಳದ ವಿವರ ಜಾಲತಾಣದ ಮುಖಪುಟದಿಂದ ಎರಡು ಕ್ಲಿಕ್‌ಗಳೊಳಗೆ ಸಿಗಬೇಕು ಎಂದು ಶಿಫಾರಸು ಮಾಡಿತು. ಎರಡು ಕ್ಲಿಕ್ ಎಂಬ ಅಳತೆ ನನಗೆ ಬಹಳ ಹಿಡಿಸಿತು. ಮುಚ್ಚಿಡುವವರು ಸಾಮಾನ್ಯವಾಗಿ ಏಳನೇ ಕ್ಲಿಕ್ಕಿನಲ್ಲಿ ಇಟ್ಟಿರುತ್ತಾರೆ.

ಆದರೆ ಸಂಬಳದ ಹಿಂದೆಯೇ ಹೋದರೆ ಕಿಡ್ಸ್ ಕಂಪನಿ ಯಾಕೆ ಬಿತ್ತು ಎಂಬುದು ಕೊನೆಯವರೆಗೂ ಅರ್ಥವಾಗುವುದಿಲ್ಲ.

ಕಿಡ್ಸ್ ಕಂಪನಿ

1996ರಲ್ಲಿ ಇದನ್ನು ಕಟ್ಟಿದವರು ಕಮಿಲಾ ಬ್ಯಾಟ್‌ಮ್ಯಾಂಘೆಲಿಜ್. ಹುಟ್ಟಿದ್ದು ಇರಾನಿನಲ್ಲಿ, ವೃತ್ತಿಯಿಂದ ಮನೋಚಿಕಿತ್ಸಕಿ. ಮುಂದೆ ಕಮಿಲಾ ಎಂದೇ ಬರೆಯುತ್ತೇನೆ, ಅಷ್ಟುದ್ದ ಹೆಸರು ಉತ್ತರಪತ್ರಿಕೆಯಲ್ಲಿ ಪ್ರತಿ ಸಾಲಿಗೂ ಬರೆಯಲಾಗದು. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ರೈಲ್ವೆ ಸೇತುವೆಯ ಕಮಾನುಗಳ ಕೆಳಗೆ ಕೆಲಸ ಶುರುವಾಯಿತು. ಮನೆಯಲ್ಲಿ ಹೊಡೆತ, ಹಸಿವು, ಬೀದಿಯಲ್ಲಿ ಗ್ಯಾಂಗು, ಮಾದಕವಸ್ತು. ಇಂಥ ಮಕ್ಕಳು ಯಾರ ಶಿಫಾರಸಿನ ಚೀಟಿಯೂ ಇಲ್ಲದೆ ತಾವೇ ನಡೆದು ಬರಬಹುದಿತ್ತು. ಬಂದ ಮಗುವನ್ನು ವಾಪಸ್ ಕಳಿಸುವುದಿಲ್ಲ ಎಂಬುದು ಸಂಸ್ಥೆಯ ಪ್ರತಿಜ್ಞೆ.

ಆ ಪ್ರತಿಜ್ಞೆಯೇ ಅದರ ಜೀವ, ಅದರ ಕಂಟಕವೂ ಅದೇ. ಬರುವ ಮಕ್ಕಳ ಸಂಖ್ಯೆಗೆ ಮಿತಿಯಿಲ್ಲ, ಬರುವ ಹಣಕ್ಕೆ ಮಿತಿಯಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಜ್ಜಿಯರು ಹೇಳಿದ್ದನ್ನು ಲೆಕ್ಕಶಾಸ್ತ್ರದಲ್ಲಿ ಮೀಸಲು ನಿಧಿಯ ನೀತಿ ಎನ್ನುತ್ತಾರೆ. ಕಮಿಲಾ ಅವರ ನಿಲುವು ಇದಕ್ಕೆ ತಿರುಗುಮುರುಗು: ಮಗು ಬಾಗಿಲಲ್ಲಿ ನಿಂತಿರುವಾಗ ಬ್ಯಾಂಕಿನಲ್ಲಿ ಹಣ ಕೂಡಿಡುವುದು ಹೇಗೆ?

ಅಂಕಿ ಹಿಡಿದು ನೋಡೋಣ. 2013ರಲ್ಲಿ ಸಂಸ್ಥೆಯ ಆದಾಯ ಸುಮಾರು 2.3 ಕೋಟಿ ಪೌಂಡ್. ಬಂದಷ್ಟೂ ಖರ್ಚು ಎಂದಿಟ್ಟುಕೊಂಡರೆ ದಿನಕ್ಕೆ 63,000 ಪೌಂಡ್. ಮೂರು ತಿಂಗಳು ಬಾಗಿಲು ತೆರೆದಿಡುವಷ್ಟು ಮೀಸಲು ಬೇಕೆಂದರೆ 57 ಲಕ್ಷಕ್ಕೂ ಹೆಚ್ಚು ಕೈಯಲ್ಲಿರಬೇಕು. ಕಿಡ್ಸ್ ಕಂಪನಿಯ ಹತ್ತಿರ ಇದ್ದದ್ದು ಅದರ ಸಣ್ಣ ಚೂರು. ಮೀಸಲು ಕಟ್ಟಿ ಎಂದು ಲೆಕ್ಕಪರಿಶೋಧಕರು ಎಚ್ಚರಿಸಿದ್ದು ಒಂದು ಸಲವಲ್ಲ.

ಹಾಗಾದರೆ ಸಂಸ್ಥೆ 19 ವರ್ಷ ನಡೆದದ್ದು ಹೇಗೆ? ಕಮಿಲಾ ಅವರ ಮಾತಿನ ಬಲದಿಂದ. ಬಣ್ಣಬಣ್ಣದ ಉಡುಗೆ, ತಲೆಗೆ ರುಮಾಲು ಸುತ್ತಿದ ಈ ಮಹಿಳೆ ಪ್ರಧಾನಿಗಳ ಮನೆಬಾಗಿಲಿಗೂ ಹೋಗಿ ಹಣ ಕೇಳಬಲ್ಲವರಾಗಿದ್ದರು. ಕೋಲ್ಡ್‌ಪ್ಲೇ ಸಂಗೀತ ತಂಡದಂಥ ದಾನಿಗಳಿದ್ದರು. ವರ್ಷಗಳುದ್ದಕ್ಕೂ ಸಾರ್ವಜನಿಕ ಬೊಕ್ಕಸದಿಂದ ಬಂದದ್ದು ಕನಿಷ್ಠ 4.6 ಕೋಟಿ ಪೌಂಡ್ ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಆಮೇಲೆ ಲೆಕ್ಕ ಹಾಕಿತು. ದುಡ್ಡು ಮುಗಿಯುತ್ತ ಬಂದಾಗ ಸರ್ಕಾರಕ್ಕೆ ಪತ್ರ, ಸರ್ಕಾರದಿಂದ ಇನ್ನೊಂದು ಕಂತು, ಇದೇ ಪದ್ಧತಿಯಾಯಿತು. ಲಂಡನ್ ಸಾಲದೆಂದು ಬ್ರಿಸ್ಟಲ್, ಲಿವರ್‌ಪೂಲ್‌ಗಳಿಗೂ ಸಂಸ್ಥೆ ಹಬ್ಬಿತು.

ಈ ಜಾಗದಲ್ಲಿ ಟ್ರಸ್ಟಿಗಳ ಮಂಡಳಿಯನ್ನು ನೋಡಬೇಕು. ಅಧ್ಯಕ್ಷರು ಬಿಬಿಸಿಯ ದೊಡ್ಡ ಅಧಿಕಾರಿ ಅಲನ್ ಯೆಂಟಬ್, ಹತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಕುರ್ಚಿಯಲ್ಲಿದ್ದವರು. ಉಳಿದವರೂ ತಮ್ಮ ತಮ್ಮ ವೃತ್ತಿಗಳಲ್ಲಿ ಹೆಸರು ಮಾಡಿದವರೇ. ಯಾರೂ ದುಡ್ಡು ಹೊಡೆಯಲು ಬಂದವರಲ್ಲ. ಆದರೆ 2016ರ ಫೆಬ್ರುವರಿಯಲ್ಲಿ ಸಂಸತ್ತಿನ ಸಮಿತಿ ಕೊಟ್ಟ ವರದಿ ಒಂದು ವಿಷಯದ ಮೇಲೆ ಬೆರಳಿಟ್ಟಿತು: ಯುವಜನರ ಸೇವಾಕ್ಷೇತ್ರದಲ್ಲಾಗಲಿ ಮನೋಚಿಕಿತ್ಸೆಯಲ್ಲಾಗಲಿ ಅನುಭವವುಳ್ಳ ಟ್ರಸ್ಟಿ ಒಬ್ಬರೂ ಇರಲಿಲ್ಲ. ಕಮಿಲಾ 'ಈ ಮಗುವಿಗೆ ಇಷ್ಟು ಬೇಕೇ ಬೇಕು' ಎಂದರೆ, 'ಇಲ್ಲ, ಅಷ್ಟು ಬೇಡ' ಎನ್ನುವ ತಿಳಿವಳಿಕೆ ಮೇಜಿನ ಈ ಬದಿಯಲ್ಲಿ ಯಾರಿಗೂ ಇರಲಿಲ್ಲ. ಧೈರ್ಯದ ಕೊರತೆ ಎಂದು ಬರೆಯುವುದು ಸುಲಭ. ಎದುರು ಮಾತಾಡಲು ಬೇಕಾದ ಸರಕೇ ಇರಲಿಲ್ಲ ಎನ್ನುವುದು ಸರಿಯಾದ ಉತ್ತರ ಎಂದು ನನಗನ್ನಿಸುತ್ತದೆ.

ಸಂಖ್ಯೆಯ ವಿಷಯ ಇನ್ನೊಂದು. 36,000 ಮಂದಿಯನ್ನು ತಲುಪುತ್ತೇವೆ ಎಂದು ಸಂಸ್ಥೆ ಹೇಳಿಕೊಳ್ಳುತ್ತಿತ್ತು. ಮುಚ್ಚಿದ ಮೇಲೆ ಸ್ಥಳೀಯ ಆಡಳಿತಗಳ ಕೈಗೆ ಬಂದ ಕಡತಗಳು 2,000ವನ್ನೂ ಮುಟ್ಟಲಿಲ್ಲ. ಸುಳ್ಳೇ ಹೇಳಿದರು ಎಂದು ಹಾರಬೇಡಿ. ಶಾಲೆಯಲ್ಲಿ ನಡೆಸಿದ ಕೆಲಸದಲ್ಲಿ ಸಿಕ್ಕವರು, ಮನೆಯವರು ಎಲ್ಲರೂ ಮೊದಲ ಅಂಕಿಯಲ್ಲಿ ಸೇರಿದ್ದರು. ಎರಡನೆಯದರಲ್ಲಿ ತೀವ್ರ ನೆರವು ಬೇಕಿದ್ದವರು ಮಾತ್ರ. 'ತಲುಪುವುದು' ಎಂದರೆ ಏನೆಂದು ಕೇಳಬೇಕಾದವರು ಟ್ರಸ್ಟಿಗಳು, ಕೇಳಿದ್ದು ಪತ್ರಕರ್ತರು.

ಕೊನೆಯ ಬೇಸಿಗೆ ಸಿನಿಮಾದ ಹಾಗೆ. 2015ರಲ್ಲಿ ಪುನರ್ರಚನೆಗೆಂದು ಸಂಸ್ಥೆ 30 ಲಕ್ಷ ಪೌಂಡ್ ಕೇಳಿತು. ಸಂಪುಟ ಕಚೇರಿಯ ಹಿರಿಯ ಅಧಿಕಾರಿ ರಿಚರ್ಡ್ ಹೀಟನ್, ಇದು ಜನರ ಹಣಕ್ಕೆ ತಕ್ಕ ಬೆಲೆಯಲ್ಲ, ಸಚಿವರು ಲಿಖಿತ ಆದೇಶ ಕೊಟ್ಟರೆ ಮಾತ್ರ ಬಿಡುಗಡೆ ಮಾಡುತ್ತೇನೆ ಎಂದರು. ಸಚಿವರಾದ ಆಲಿವರ್ ಲೆಟ್ವಿನ್ ಮತ್ತು ಮ್ಯಾಟ್ ಹ್ಯಾನ್‌ಕಾಕ್ ಆದೇಶ ಕೊಟ್ಟರು. ಗಮನಿಸಿ: ಸರ್ಕಾರದೊಳಗೆ 'ಬೇಡ' ಎನ್ನಲು ಒಂದು ವಿಧಿಯಿದೆ, ಕಾಗದವಿದೆ, ಸಹಿಯಿದೆ. ಟ್ರಸ್ಟಿಗಳ ಸಭೆಯಲ್ಲಿ ಅಂಥದ್ದೇನೂ ಇಲ್ಲ. ಕಮಿಲಾ ಸಿಇಒ ಹುದ್ದೆ ಬಿಡಬೇಕು ಎಂಬುದು ಹಣದ ಜತೆಗಿನ ಷರತ್ತು. ಜುಲೈ 30ರಂದು ಹಣ ಬಂತು. ಅದೇ ದಿನ, ಸಂಸ್ಥೆಯಲ್ಲಿ ಲೈಂಗಿಕ ದೌರ್ಜನ್ಯ ನಡೆದಿದೆಯೆಂಬ ಆರೋಪಗಳನ್ನು ಪೊಲೀಸರು ಪರಿಶೀಲಿಸುತ್ತಿದ್ದಾರೆ ಎಂಬ ಸುದ್ದಿಯೂ ಬಂತು. ಜತೆಗೂಡಬೇಕಿದ್ದ ದಾನಿಗಳು ಹಿಂದೆ ಸರಿದರು. ಆಗಸ್ಟ್ 5ರಂದು ಬಾಗಿಲು ಮುಚ್ಚಿತು. ಅಪರಾಧ ನಡೆದದ್ದಕ್ಕೆ ಸಾಕ್ಷ್ಯವಿಲ್ಲ ಎಂದು ಪೊಲೀಸರು ತನಿಖೆ ಮುಗಿಸಿದ್ದು 2016ರ ಜನವರಿಯಲ್ಲಿ. ಅಷ್ಟರಲ್ಲಿ ಉಳಿಸಲು ಏನೂ ಉಳಿದಿರಲಿಲ್ಲ. 63,000ದ ಲೆಕ್ಕಕ್ಕೆ ಮತ್ತೆ ಹೋಗಿ: ಮೂರು ತಿಂಗಳ ಮೀಸಲು ಇದ್ದಿದ್ದರೆ ದಾನಿಗಳಿಲ್ಲದೆಯೂ ನವೆಂಬರ್‌ವರೆಗೆ ಉಸಿರಾಡಬಹುದಿತ್ತು.

ಎರಡು ತೀರ್ಪು, ಎರಡು ಅಳತೆಗೋಲು

ಇದು ಗೊಂದಲವಾಗುವ ಭಾಗ, ನಿಧಾನವಾಗಿ ಓದಿ. ಕಿಡ್ಸ್ ಕಂಪನಿ ಚಾರಿಟಿಯೂ ಹೌದು, ಕಾನೂನಿನ ಕಣ್ಣಿಗೆ ಕಂಪನಿಯೂ ಹೌದು. ಹಾಗಾಗಿ ಟ್ರಸ್ಟಿಗಳೇ ನಿರ್ದೇಶಕರು. ಕಂಪನಿ ನಡೆಸಲು ಇವರು ಅನರ್ಹರು ಎಂದು ಘೋಷಿಸಬೇಕೆಂದು ಸರ್ಕಾರಿ ರಿಸೀವರ್ (ದಿವಾಳಿಯಾದ ಕಂಪನಿಗಳ ವ್ಯವಹಾರ ನೋಡುವ ಅಧಿಕಾರಿ), ಟ್ರಸ್ಟಿಗಳ ಮತ್ತು ಕಮಿಲಾ ಅವರ ಮೇಲೆ ದಾವೆ ಹೂಡಿದರು. 2021ರ ಫೆಬ್ರುವರಿ 12ರಂದು ಹೈಕೋರ್ಟಿನ ನ್ಯಾಯಮೂರ್ತಿ ಸಾರಾ ಫಾಕ್ ದಾವೆ ವಜಾ ಮಾಡಿದರು. ಟ್ರಸ್ಟಿಗಳ ಶ್ರದ್ಧೆಯನ್ನು ಮೆಚ್ಚಿದರು. ಆಧಾರವಿಲ್ಲದ ಆ ಆರೋಪಗಳು ಬರದಿದ್ದರೆ ಪುನರ್ರಚನೆ ಗೆಲ್ಲುವ ಸಂಭವವೇ ಹೆಚ್ಚಿತ್ತು ಎಂದರು. ಕಮಿಲಾ ನಿರ್ದೇಶಕಿಯೇ ಅಲ್ಲ, ಹೆಸರಿಲ್ಲದ ನಿರ್ದೇಶಕಿಯಂತೆ ನಡೆದುಕೊಂಡವರೂ ಅಲ್ಲ, ಅವರು ನೌಕರಿಯಲ್ಲಿದ್ದ ಸಿಇಒ ಎಂದರು.

ಮರುವರ್ಷ, 2022ರ ಫೆಬ್ರುವರಿಯಲ್ಲಿ, ಚಾರಿಟಿ ಕಮಿಷನ್ ವರದಿ ಬಂತು. ನೌಕರರಿಗೆ, ತೆರಿಗೆ ಇಲಾಖೆಗೆ, ಹಣ ಕೊಡಬೇಕಿದ್ದ ಇತರರಿಗೆ ಸಕಾಲಕ್ಕೆ ಹಣ ಕಟ್ಟದಿದ್ದುದನ್ನು ಹಿಡಿದು ಆಡಳಿತ ಸರಿಯಿರಲಿಲ್ಲ ಎಂದಿತು. ಸಣ್ಣ ಮೀಸಲನ್ನೂ ಟೀಕಿಸಿತು. ಅಪ್ರಾಮಾಣಿಕತೆ ಇತ್ತೆಂದು ಅದೂ ಹೇಳಲಿಲ್ಲ. ಕಮಿಲಾ ಈ ವರದಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಹೊರಟರು. 2024ರ ಜನವರಿ 1ರಂದು ತೀರಿಕೊಂಡರು.

ಒಂದು ಸಂಸ್ಥೆಗೆ ಎರಡು ಉತ್ತರ ಹೇಗೆ? ಕೇಳಿದ ಪ್ರಶ್ನೆಯೇ ಬೇರೆ. ಇವರಿಂದ ಜನರನ್ನು ಕಾಪಾಡಬೇಕೇ ಎಂದು ಕೋರ್ಟು ಕೇಳಿತು. ಮನೆ ಅಚ್ಚುಕಟ್ಟಾಗಿತ್ತೇ ಎಂದು ಕಮಿಷನ್ ಕೇಳಿತು. ಒಳ್ಳೆಯವರ ಮನೆಯಲ್ಲೂ ಬಿಲ್ಲು ಬಾಕಿ ಇರುತ್ತದಲ್ಲ! ಪರೀಕ್ಷೆಯಲ್ಲಿ ಒಂದನ್ನೇ ಬರೆದು ಇನ್ನೊಂದನ್ನು ಬಿಟ್ಟರೆ ಅರ್ಧ ಅಂಕ.

ಮತ್ತೆ ಸೇವ್ ದ ಚಿಲ್ಡ್ರನ್

1919ರಲ್ಲಿ, ಯುದ್ಧ ಮುಗಿದರೂ ದಿಗ್ಬಂಧನದಿಂದ ಹಸಿದು ಸಾಯುತ್ತಿದ್ದ ಶತ್ರುದೇಶದ ಮಕ್ಕಳಿಗಾಗಿ ಎಗ್ಲಾಂಟೈನ್ ಜೆಬ್ ಮತ್ತು ತಂಗಿ ಡೊರೊಥಿ ಬಕ್ಸ್‌ಟನ್ ಕಟ್ಟಿದ ಸಂಸ್ಥೆ ಇದು. ಕರಪತ್ರ ಹಂಚಿದ್ದಕ್ಕೆ ಜೆಬ್ ಅವರಿಗೆ ಐದು ಪೌಂಡ್ ದಂಡ ಬಿತ್ತು. ದಂಡದ ಹಣ ಕೊಟ್ಟವರು ಅವರ ವಿರುದ್ಧ ವಾದಿಸಿದ ಸರ್ಕಾರಿ ವಕೀಲರೇ. (ಇದು ಪಠ್ಯದಲ್ಲಿಲ್ಲ, ನನಗೆ ಇಷ್ಟವಾಗಿ ಬರೆದುಕೊಂಡೆ.)

ಸಂಬಳದ ಸುದ್ದಿಯಲ್ಲಿ ಈ ಸಂಸ್ಥೆ ಮುಳುಗಿದ್ದ ಕಾಲದಲ್ಲೇ ಒಳಗೆ ಬೇರೆ ವಿಷಯ ನಡೆಯುತ್ತಿತ್ತು. 2012 ಮತ್ತು 2015ರ ನಡುವೆ ಸಿಇಒ ಸೇರಿ ಹಿರಿಯ ಅಧಿಕಾರಿಗಳು ಮಹಿಳಾ ಸಿಬ್ಬಂದಿಯೊಡನೆ ನಡೆದುಕೊಂಡ ರೀತಿಯ ಬಗ್ಗೆ ದೂರುಗಳು ಬಂದವು. ಅವುಗಳಲ್ಲಿ ಕೆಲವನ್ನು ಸಂಸ್ಥೆಯ ಸ್ವಂತ ನಿಯಮದಂತೆ ವಿಚಾರಿಸದೆ ಅನೌಪಚಾರಿಕವಾಗಿ ಮುಗಿಸಲಾಯಿತು. 2018ರಲ್ಲಿ ವಿಷಯ ಹೊರಬಿತ್ತು, 2020ರ ಮಾರ್ಚ್‌ನಲ್ಲಿ ಚಾರಿಟಿ ಕಮಿಷನ್ ಗಂಭೀರ ಲೋಪಗಳಾಗಿವೆ ಎಂದಿತು. ಕಿಡ್ಸ್ ಕಂಪನಿಯಲ್ಲಿ ಮೀಸಲು, ಇಲ್ಲಿ ದೂರು. ಎರಡರಲ್ಲೂ ಸಿಕ್ಕು ಬಿದ್ದದ್ದು ನಾಯಕನಿಗೂ ಮಂಡಳಿಗೂ ನಡುವಿನ ಅದೇ ಸಲುಗೆಯ ಜಾಗದಲ್ಲಿ.

ಕ್ಷೇತ್ರಕಾರ್ಯದಲ್ಲಿದ್ದಾಗ ಒಂದು ಸಣ್ಣ ಟ್ರಸ್ಟಿನ ಸಭೆಗೆ ನಡಾವಳಿ ಬರೆಯಲು ಕೂತಿದ್ದೆ. ಉಪ್ಪಿಟ್ಟು ಬರುವ ಮೊದಲೇ ಸಹಿ ಪುಸ್ತಕ ಸುತ್ತು ಮುಗಿಸಿತ್ತು. ನಡಾವಳಿಯ ಪ್ರತಿ ಮೊದಲೇ ಟೈಪಾಗಿತ್ತು, 'ಸರ್ವಾನುಮತದಿಂದ' ಎಂಬ ಪದದ ಸಮೇತ.

ಈಗ ಯಾವ ಸಂಸ್ಥೆಯ ವಾರ್ಷಿಕ ವರದಿ ಸಿಕ್ಕರೂ ನಗುವ ಮಕ್ಕಳ ಫೋಟೋ ದಾಟಿ ನೇರ ಹಿಂದಿನ ಪುಟಗಳಿಗೆ ಹೋಗುತ್ತೇನೆ. ಮೊದಲು ಮೀಸಲು ನಿಧಿಯನ್ನು ದಿನದ ಖರ್ಚಿನಿಂದ ಭಾಗಿಸುತ್ತೇನೆ, ಎಷ್ಟು ದಿನದ ಉಸಿರು ಎಂದು ಗೊತ್ತಾಗುತ್ತದೆ. ಆಮೇಲೆ ಟ್ರಸ್ಟಿಗಳ ಪಟ್ಟಿ: ಯಾವ ವರ್ಷ ಬಂದರು, ಆ ಕೆಲಸ ಬಲ್ಲವರು ಅವರಲ್ಲಿ ಒಬ್ಬರಾದರೂ ಇದ್ದಾರೆಯೇ. ಸಿಇಒ ಸಂಬಳದ ಸಾಲು ನೋಡುವುದು ಮೂರನೆಯದಾಗಿ.